ರೊಟ್ಟಿಯೂ ನಂಬಿಕೆಯೂ



ಹಸಿದವನು ತನಗೆ ಅನ್ನ ಕೊಟ್ಟವನನ್ನು ನಂಬಿದರೆ ಅದು ನಂಬಿಕೆಯೋ, ಇಲ್ಲವೆ ಹಸಿವಿಗೇ ಇನ್ನೊಂದು ಹೆಸರೋ ಎಂಬ ಪ್ರಶ್ನೆಯನ್ನು ನಮ್ಮ ಸಭೆಯ ಒಬ್ಬ ಯೌವನಸ್ಥನು ನನ್ನ ಮುಂದಿಟ್ಟು ಕೆಲವು ತಿಂಗಳುಗಳಾದವು. ಅವನು ಕಣ್ಣಲ್ಲಿ ನೀರು ತಂದುಕೊಂಡು ಕೇಳಿದನು; ಆದಕಾರಣ ತಟ್ಟನೆ ಒಂದು ವಚನವನ್ನು ಹೇಳಿ ಅವನನ್ನು ಕಳುಹಿಸಿಬಿಡುವದು ನನ್ನಿಂದಾಗಲಿಲ್ಲ. ಈ ಪ್ರಶ್ನೆ ಹುಟ್ಟಿದ್ದು ನಮ್ಮ ಮನೆಯ ಹಿತ್ತಲಲ್ಲಿ, ಹೆದರಿದ ಒಂದು ನಾಯಿಯ ದೆಸೆಯಿಂದ. ಆದುದರಿಂದ ಮೊದಲು ನಾಯಿಯ ಸಂಗತಿಯನ್ನು ಹೇಳುವೆನು.

ನಮ್ಮ ಮುಕ್ಕುಂದವು ತುಂಗಭದ್ರೆಯ ದಡದ ಊರು. 1953ರಲ್ಲಿ ಹೊಸಪೇಟೆಯ ಬಳಿ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಗೆ ನೀರು ಬಂದ ಮೇಲೆ ಸಿಂಧನೂರಿನ ಸೀಮೆಯಲ್ಲಿ ಜೋಳದ ಎರೆಹೊಲಗಳೆಷ್ಟೋ ನೆಲ್ಲಿನ ಗದ್ದೆಗಳಾದವೆಂಬದು ನಿಮಗೆ ತಿಳಿದದ್ದೇ. ಬೆಳೆ ಇರುವಲ್ಲಿಗೆ ಕಾಡುಹಂದಿ ಬರುವದು; ಹಂದಿ ಬರುವಲ್ಲಿ ತಂತಿಯ ಉರುಲನ್ನು ಒಡ್ಡುವವರೂ ಇರುವರು. ಕಳೆದ ವರುಷ ಕೊಯ್ಲು ಮುಗಿದ ವಾರದಲ್ಲಿ ನನ್ನ ಮಗನೂ ಅವನ ಗೆಳೆಯನೂ ಕಾಲುವೆಯ ಮಗ್ಗುಲಿನ ಜಾಲಿಯ ಪೊದೆಯಲ್ಲಿ ನರಳುವ ಸದ್ದನ್ನು ಕೇಳಿ ಹೋಗಿ ನೋಡಿದರು. ಒಂದು ಹೆಣ್ಣು ನಾಯಿಯ ಕೊರಳಿಗೆ ಉರುಲು ಬಿದ್ದು, ತಂತಿ ಮಾಂಸದೊಳಕ್ಕೆ ಇಳಿದು, ಗಾಯದಲ್ಲಿ ಹುಳ ಬಿದ್ದಿದ್ದವು. ಅದು ಗೂಟದಿಂದ ತಂತಿಯನ್ನು ಹೇಗೋ ಹರಿದುಕೊಂಡು ಅಲ್ಲಿಯ ತನಕ ಬಂದು ಸಾಯುವದಕ್ಕೆ ಮಲಗಿತ್ತು. ಹುಡುಗರು ಅದರ ಮೇಲೆ ಗೋಣಿಚೀಲವನ್ನು ಹಾಕಿ, ಇಕ್ಕಳದಿಂದ ತಂತಿಯನ್ನು ಕತ್ತರಿಸಿ, ಅದೇ ಚೀಲದಲ್ಲಿ ಮನೆಗೆ ಹೊತ್ತು ತಂದರು. ಸಿಂಧನೂರಿನ ಪಶುವೈದ್ಯರು ಗಾಯವನ್ನು ತೊಳೆದು ಔಷಧ ಹಾಕಿ, ಬದುಕಿದರೆ ಬದುಕೀತು ಎಂದರು. ಅದು ಬದುಕಿತು.

ಬಣ್ಣ ಕೆಂಪಾದ್ದರಿಂದ ಮಕ್ಕಳು ಅದಕ್ಕೆ ಕೆಂಚಿ ಎಂದು ಹೆಸರಿಟ್ಟರು. ಹೆಸರಿಟ್ಟದ್ದಷ್ಟೇ; ಕರೆದರೆ ಬರುವ ಪ್ರಾಣಿ ಅದಾಗಿರಲಿಲ್ಲ. ಹಿತ್ತಲಿನ ಹುಲ್ಲಿನ ಬಣವೆಯ ಅಡಿಯಲ್ಲಿ ತೂರಿಕೊಂಡು ಹಗಲೆಲ್ಲಾ ಅಲ್ಲಿಯೇ ಇರುವದು. ಬೀದಿಯಲ್ಲಿ ಯಾವನಾದರೂ ಕೋಲು ಹಿಡಿದು ಹೋದರೆ ನಡುಗುವದು. ಮೋಟಾರು ಸೈಕಲ್ಲಿನ ಸದ್ದು ಕೇಳಿದರೆ ಇದ್ದಲ್ಲಿಯೇ ಉಚ್ಚೆ ಹೊಯ್ಯುವದು. ನನ್ನ ಹೆಂಡತಿ ಹಗ್ಗದ ಮೇಲಿನ ಸೀರೆಯನ್ನು ತೆಗೆಯುವದಕ್ಕೆ ಕೈಯೆತ್ತಿದರೂ ಹೊಟ್ಟೆಯನ್ನು ನೆಲಕ್ಕೆ ಹಚ್ಚುವದು. ಉರುಲೊಂದೇ ಇಷ್ಟು ಭಯವನ್ನು ಕಲಿಸಿರಲಾರದು. ನಾಯಿಮರಿಯು ಹುಟ್ಟಿದ ಮೂರನೆಯ ವಾರದಿಂದ ಹನ್ನೆರಡನೆಯ ವಾರದ ತನಕ ಮನುಷ್ಯರ ಕೈ, ಧ್ವನಿ, ವಾಸನೆ ಇವುಗಳಿಗೆ ಒಗ್ಗಿಕೊಳ್ಳುವದೆಂದೂ, ಆ ಕಾಲದಲ್ಲಿ ಮನುಷ್ಯನಿಂದ ಕಲ್ಲೇಟನ್ನು ಮಾತ್ರ ಕಂಡ ಮರಿಯ ಭಯವನ್ನು ಆಮೇಲೆ ತೆಗೆಯುವದು ಬಹಳ ಕಷ್ಟವೆಂದೂ ಬಲ್ಲವರು ಹೇಳುತ್ತಾರೆ. ನಮ್ಮ ಊರುಗಳಲ್ಲಿ ನಾಯಿಮರಿಗೆ ಕಲ್ಲು ಹೊಡೆಯದ ಹುಡುಗನು ಅಪರೂಪ. ನಾನೂ ಹೊಡೆದವನೇ.

ವೈದ್ಯರು ನಮಗೆ ಹೇಳಿಕೊಟ್ಟದ್ದು ಸುಲಭವಾದ ಮಾತು. ನಡಿಸುವದು ಮಾತ್ರ ಸುಲಭವಲ್ಲ. ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿರಿ, ಮೇಲಿನಿಂದ ಬಗ್ಗಬೇಡಿರಿ, ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂತುಕೊಳ್ಳಿರಿ, ದಿನಾಲು ಅದೇ ಹೊತ್ತಿಗೆ, ಅದೇ ಪಾತ್ರೆಯಲ್ಲಿ, ಅದೇ ಧ್ವನಿಯಿಂದ ಕೊಡಿರಿ, ಎಲ್ಲಕ್ಕೂ ಮಿಗಿಲಾಗಿ ಅದು ಓಡಿಹೋಗುವ ದಾರಿಯನ್ನು ಎಂದಿಗೂ ಮುಚ್ಚಬೇಡಿರಿ ಎಂದರು. ಈ ಕಡೇ ಮಾತು ನನಗೆ ಹುಚ್ಚುತನವಾಗಿ ಕಂಡಿತು. ದಾರಿ ತೆರೆದಿದ್ದರೆ ಅದು ಹೋಗಿಬಿಡುವದಲ್ಲಾ, ಇಷ್ಟು ಖರ್ಚು ಮಾಡಿ ಉಳಿಸಿದ್ದು ಯಾತಕ್ಕೆ ಎಂದುಕೊಂಡೆನು. ಆದರೂ ಹಿತ್ತಲಿನ ತಡಿಕೆಯ ಬಾಗಿಲನ್ನು ತೆರೆದೇ ಇಟ್ಟೆವು.

ಜೋಳದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಬಣವೆಯಿಂದ ಹತ್ತು ಮಾರು ದೂರ ಇಟ್ಟು ನಾನು ಒಳಗೆ ಬರುತ್ತಿದ್ದೆನು. ಮೂರು ದಿನ ಅದು ನಾವು ದೀಪ ಆರಿಸಿದ ಮೇಲೆಯೇ ತಿಂದಿತು. ಆಮೇಲೆ ನಾನು ಬಾಗಿಲಲ್ಲಿ ಕೂತಿರುವಾಗ ತಿಂದಿತು. ದಿನಕ್ಕೆ ಅರ್ಧ ಮಾರಿನಷ್ಟು ನಾನು ಹತ್ತಿರವಾದೆನು. ಎರಡು ವಾರ ಕಳೆದ ಮೇಲೆ, ನಾನು ಮೋರೆಯನ್ನು ಬೇರೆ ಕಡೆಗೆ ತಿರುಗಿಸಿ ಕೈ ಚಾಚಿದರೆ, ಕತ್ತನ್ನು ಉದ್ದ ಮಾಡಿ ಬೆರಳ ತುದಿಯಿಂದ ತುಣುಕನ್ನು ಕಿತ್ತುಕೊಂಡು ಹಿಂದಕ್ಕೆ ಹಾರುತ್ತಿತ್ತು. ನನಗೆ ಬಹಳ ಸಂತೋಷವಾಯಿತು. ಊರವರಿಗೆಲ್ಲಾ ಹೇಳಿಕೊಂಡು ಬಂದೆನು.

ಒಂದು ಸಾಯಂಕಾಲ ಪಕ್ಕದ ಮನೆಯವನು ಬೇಲಿಯ ಆಚೆ ನಿಂತು ಇದನ್ನು ನೋಡಿ ನಕ್ಕನು. ಅವನು ನನ್ನ ಬಾಲ್ಯದ ಗೆಳೆಯ; ಅವನ ಮನಸ್ಸಿನಲ್ಲಿ ವಿಷವಿಲ್ಲ. «ಮಾಸ್ತರೇ, ಅದು ನಿಮ್ಮನ್ನ ನಂಬಿಲ್ಲ, ನಿಮ್ಮ ರೊಟ್ಟಿ ನಂಬೈತಿ. ನಿಮ್ಮ ಹಿರೇರೂ ಹಂಗ ಅಲ್ಲೇನು? ದೊರಿ ಕೊಟ್ಟ ಗಂಜಿ ನಂಬಿ ದೇವರನ್ನ ಬದಲಿ ಮಾಡಿದ್ರು» ಎಂದನು. ನಾನು ನಕ್ಕು ಸುಮ್ಮನಾದೆನು. ಆದರೆ ಪ್ರಾರ್ಥನೆಯ ಕೂಟಕ್ಕೆಂದು ಬಂದಿದ್ದ ಆ ಯೌವನಸ್ಥನು ನನ್ನ ಹಿಂದೆಯೇ ನಿಂತಿದ್ದನು. ಅವನು ಕಾಲೇಜಿನಲ್ಲಿಯೂ ಇದೇ ಮಾತನ್ನು ಕೇಳಿದ್ದನಂತೆ. ನಮ್ಮ ನಂಬಿಕೆ ಒಂದು ಬೋಗುಣಿ ಗಂಜಿಯಿಂದ ಹುಟ್ಟಿದ್ದು ನಿಜವಾದರೆ ಅದನ್ನು ನಾನು ಯಾವ ಮೋರೆಯಿಂದ ಒಪ್ಪಿಕೊಳ್ಳಲಿ ಎಂದು ಅವನು ಕೇಳಿದನು.

ವಾಚಕರೇ, ಇದು ನಮ್ಮಲ್ಲಿ ಅನೇಕರ ಮನೆಯ ಪ್ರಶ್ನೆ. 1876ರಿಂದ 1878ರ ತನಕ ನಡೆದ ಧಾತು ಈಶ್ವರ ಸಂವತ್ಸರಗಳ ಬರವನ್ನು ಹಿರಿಯರ ಬಾಯಿಂದ ಕೇಳದ ಮನೆತನ ಬಳ್ಳಾರಿ ರಾಯಚೂರು ಸೀಮೆಗಳಲ್ಲಿ ವಿರಳ. ಲಕ್ಷ ಲಕ್ಷ ಜನರು ಸತ್ತರು. ಕಂಪೆನಿಯ ಆಳಿಕೆ ಹೋಗಿ ರಾಣಿಯ ಆಳಿಕೆ ಬಂದಿದ್ದ ಆ ಕಾಲದಲ್ಲಿ, ಮದ್ರಾಸು ಸಂಸ್ಥಾನದ ಬರಗಾಲದ ಕಾಮಗಾರಿಗಳಲ್ಲಿ ದುಡಿಯುವ ಗಂಡಸಿಗೆ 1877ರಲ್ಲಿ ಗೊತ್ತುಮಾಡಿದ ಕೂಲಿಯು ದಿನಕ್ಕೆ ಒಂದು ಪೌಂಡು ಧಾನ್ಯ, ಎಂದರೆ ಅರ್ಧ ಸೇರಿಗಿಂತ ಸ್ವಲ್ಪ ಹೆಚ್ಚು ಕಡಿಮೆ, ಅದರ ಮೇಲೆ ಒಂದು ಆಣೆ. ಕಲ್ಲು ಮಣ್ಣು ಹೊರುವವನಿಗೆ ಅದು ಸಾಲದು. ಇಂಥ ಕಾಲದಲ್ಲಿ ಮಿಶನಿನವರ ಅಂಗಳದಲ್ಲಿ ಗಂಜಿಯ ಹಂಡೆ ಇದ್ದಲ್ಲಿ ಜನರು ಅಲ್ಲಿಗೆ ಬಂದರೆಂಬದು ನಿಜ. ಬಾರದೆ ಏನು ಮಾಡಬೇಕಾಗಿತ್ತು?

ಮೊದಲು ಒಂದು ಮಾತನ್ನು ಸ್ಪಷ್ಟಮಾಡುವೆನು. ನಮ್ಮ ಹಿರಿಯರನ್ನು ನಾಯಿಗೆ ಹೋಲಿಸುವದು ನನ್ನ ಉದ್ದೇಶವಲ್ಲ. ಆ ಹೋಲಿಕೆಯನ್ನು ಊರವರು ಬಹಳ ಕಾಲ ಮಾಡಿದರು. ನಾಯಿ ಬರುವ ಬಾವಿಗೆ ನಮ್ಮವರು ಬರಬಾರದೆಂದೂ ಮಾಡಿದರು. ಆದರೆ ಮತ್ತಾಯನ ಸುವಾರ್ತೆಯ ಹದಿನೈದನೆಯ ಅಧ್ಯಾಯದಲ್ಲಿ ಒಬ್ಬ ಕಾನಾನ್ಯ ಹೆಂಗಸು ಇದ್ದಾಳೆ. ಆಕೆ ಪರಜಾತಿಯವಳು, ಮಗಳು ದೆವ್ವದ ಕಾಟದಿಂದ ಬಾಧೆಪಡುತ್ತಿದ್ದಳು. ಮಕ್ಕಳ ರೊಟ್ಟಿ, ನಾಯಿಮರಿಗಳು, ಮೇಜಿನ ಕೆಳಗೆ ಬೀಳುವ ಚೂರುಗಳು ಎಂಬ ಮಾತುಗಳು ಅಲ್ಲಿ ಬರುತ್ತವೆ. ಆಕೆ ಆ ಕಠಿಣವಾದ ಮಾತಿಗೆ ಬೆನ್ನು ತಿರುಗಿಸಲಿಲ್ಲ. ಚೂರಾದರೂ ನನಗೆ ಬೇಕೆಂದು ನಿಂತಳು. ನಿನ್ನ ಅಗತ್ಯಕ್ಕಾಗಿ ಬಂದೆ, ಆದಕಾರಣ ನಿನ್ನದು ನಂಬಿಕೆಯಲ್ಲ ಎಂದು ಕರ್ತನು ಆಕೆಗೆ ಹೇಳಲಿಲ್ಲ. ಆಕೆಯ ನಂಬಿಕೆಯನ್ನು ದೊಡ್ಡದೆಂದು ಹೊಗಳಿದನು. ಹಸಿವಿನಿಂದ ಬರುವದು ಅವಮಾನವಾಗಿದ್ದರೆ ಸುವಾರ್ತೆಗಳ ಅರ್ಧ ಜನರು ಹೊರಗೆ ನಿಲ್ಲಬೇಕಾಗುವದು: ಕುಷ್ಠರೋಗಿಗಳು, ಕುರುಡರು, ಮಗನಿಗಾಗಿ ಬಂದ ಅಧಿಕಾರಿ, ಎಲ್ಲರೂ. ಹೊಟ್ಟೆ ತುಂಬಿದವನು ಸತ್ಯಕ್ಕಾಗಿಯೇ ಬರುತ್ತಾನೆ, ಹಸಿದವನು ಮಾತ್ರ ಲಾಭಕ್ಕಾಗಿ ಬರುತ್ತಾನೆ ಎಂಬದು ಹೊಟ್ಟೆ ತುಂಬಿದವರು ಕಟ್ಟಿದ ಮಾತು.

ಇಷ್ಟನ್ನು ಯೌವನಸ್ಥನಿಗೆ ಹೇಳಿದೆನು. ಅವನು ತಲೆ ಅಲ್ಲಾಡಿಸಿದನೇ ಹೊರತು ಅವನ ಮುಖ ತಿಳಿಯಾಗಲಿಲ್ಲ. ಸರಿಯೇ, ಯಾಕಂದರೆ ನಾನು ಅರ್ಧವನ್ನೇ ಉತ್ತರಿಸಿದ್ದೆನು. ಹಸಿವು ಪಾಪವಲ್ಲ, ಆದರೆ ಹಸಿವು ನಂಬಿಕೆಯೂ ಅಲ್ಲವಲ್ಲಾ. ಇವೆರಡರ ನಡುವಿನ ಅಂತರವನ್ನು ನನಗೆ ತೋರಿಸಿದ್ದು ಕೆಂಚಿ, ಅದೂ ನನ್ನ ತಪ್ಪಿನಿಂದ.

ಇಪ್ಪತ್ತನೆಯ ದಿನವೋ ಏನೋ, ಅದರ ಕೊರಳ ಗಾಯವು ಮತ್ತೆ ಒದ್ದೆಯಾದದ್ದನ್ನು ಕಂಡು ಮುಲಾಮನ್ನು ಹಚ್ಚಬೇಕೆಂದು ನಿಶ್ಚಯಿಸಿದೆನು. ಎಡಗೈಯಲ್ಲಿ ರೊಟ್ಟಿ ಹಿಡಿದು, ಅದು ಕತ್ತು ಚಾಚಿದೊಡನೆ ಬಲಗೈಯಿಂದ ಕೊರಳನ್ನು ಹಿಡಿದುಕೊಂಡೆನು. ನನ್ನ ಮನಸ್ಸಿನಲ್ಲಿ ಅದರ ಒಳಿತಿನ ಹೊರತು ಬೇರೇನೂ ಇರಲಿಲ್ಲ. ಅದು ಕೂಗಿದ ಕೂಗು ಈಗಲೂ ಕಿವಿಯಲ್ಲಿ ಇದೆ. ನನ್ನ ಮಣಿಕಟ್ಟನ್ನು ಕಚ್ಚಿ, ಬಿಡಿಸಿಕೊಂಡು, ತೆರೆದ ಬಾಗಿಲಿಂದ ಹೊಲದ ಕಡೆಗೆ ಓಡಿತು. ಇಲ್ಲಿ ಒಂದು ಮಾತು: ನಾಯಿ ಕಚ್ಚಿದರೆ, ಹಲ್ಲು ತರಚಿದಷ್ಟೇ ಆದರೂ, ಸಾಬೂನಿನಿಂದ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ ಸೂಜಿಯನ್ನು ಹಾಕಿಸಿಕೊಳ್ಳಬೇಕು, ಎಲ್ಲಾ ಸೂಜಿಗಳನ್ನೂ ಹೇಳಿದ ದಿನಗಳಲ್ಲಿ ಮುಗಿಸಬೇಕು. ಹುಚ್ಚುನಾಯಿಯ ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ವೈದ್ಯರು ಮಾಡುವಂಥದ್ದು ಏನೂ ಉಳಿಯದು. ಸುಣ್ಣ, ಖಾರ, ಬೇರು ಕಟ್ಟಿ ಕೂತುಕೊಂಡವರನ್ನು ನಾನು ಮಣ್ಣುಮಾಡಿ ಬಂದಿದ್ದೇನೆ.

ಕೆಂಚಿ ಎರಡು ರಾತ್ರಿ ಬರಲಿಲ್ಲ. ಮೂರನೆಯ ರಾತ್ರಿ ಹಸಿವು ಅದನ್ನು ಕರತಂದಿತು. ರೊಟ್ಟಿಯನ್ನು ಇಟ್ಟು ನಾನು ಒಳಗೆ ಬಂದರೆ ತಿನ್ನುವದು. ಬಾಗಿಲಲ್ಲಿ ನನ್ನ ನೆರಳು ಕಂಡರೆ ಬಿಟ್ಟು ಓಡುವದು. ಹೀಗೆ ಮೂರು ವಾರ ನಡೆಯಿತು. ನನ್ನ ಹೆಂಡತಿಯ ಹತ್ತಿರಕ್ಕೆ ಬರುತ್ತಿತ್ತು, ಮಗನ ಹತ್ತಿರಕ್ಕೂ ಬರುತ್ತಿತ್ತು. ನನ್ನ ಹತ್ತಿರ ಇಲ್ಲ. ಅದೇ ಮನೆಯ ಅದೇ ರೊಟ್ಟಿ. ರೊಟ್ಟಿಯನ್ನು ಕೊಟ್ಟರೆ ನಂಬಿಕೆ ಬರುವದಾದರೆ ನನ್ನ ರೊಟ್ಟಿಯನ್ನು ತಿಂದ ನಾಯಿ ನನ್ನನ್ನು ನಂಬಬೇಕಾಗಿತ್ತಲ್ಲವೋ? ಅದು ನನ್ನ ರೊಟ್ಟಿಯನ್ನು ಇಪ್ಪತ್ತೊಂದು ದಿನ ತಿಂದಿತು, ನನ್ನನ್ನು ಒಂದು ದಿನವೂ ನಂಬಲಿಲ್ಲ. ಗೆಳೆಯನ ಮಾತಿಗೆ ಉತ್ತರವು ಅಲ್ಲಿ ನೆಲದ ಮೇಲೆ ಖಾಲಿ ಪಾತ್ರೆಯಾಗಿ ಬಿದ್ದಿತ್ತು. ರೊಟ್ಟಿ ಹಸಿದವನ ಕಾಲನ್ನು ಕರೆಯಬಲ್ಲದು, ಅಷ್ಟೇ.

ನಮ್ಮ ಓಣಿಯ ಒಬ್ಬ ಮುದುಕಿ, ಓದು ಬಾರದವಳು, ನನ್ನ ಕೈಯ ಪಟ್ಟಿಯನ್ನು ನೋಡಿ ನಡೆದದ್ದನ್ನೆಲ್ಲಾ ಕೇಳಿ, «ಕೊಡೋ ಕೈನೂ ಅದ, ಹಿಡಿಯೋ ಕೈನೂ ಅದ ಆದ್ರ, ಪಾಪ ಅದಕ್ಕ ಹ್ಯಾಂಗ ತಿಳೀಬೇಕು ತಮ್ಮಾ?» ಎಂದಳು. ಉರುಲು ಒಡ್ಡುವವನೂ ಮೊದಲು ಕಾಳನ್ನು ಚೆಲ್ಲುತ್ತಾನೆ ಎಂಬದನ್ನು ನಾನು ಅಲ್ಲಿಯ ತನಕ ಯೋಚಿಸಿರಲಿಲ್ಲ. ನಾಯಿಗೆ ತಿಳಿದಿರುವ ಎರಡು ಮನುಷ್ಯಜಾತಿಗಳಲ್ಲಿ ಕಲ್ಲು ಹೊಡೆಯುವವನು ಒಬ್ಬನು, ತಿನ್ನಿಸಿ ಹಿಡಿಯುವವನು ಇನ್ನೊಬ್ಬನು. ನಾನು ಎರಡನೆಯವನೆಂದು ನಾನೇ ಸಾಕ್ಷಿ ಕೊಟ್ಟಿದ್ದೆನು.

ಈ ವಿಷಯವನ್ನು ಪಂಡಿತರೂ ಪರೀಕ್ಷಿಸಿದ್ದಾರೆ. ಬಂಗಾಳದಲ್ಲಿ ಕೊಲ್ಕತ್ತೆಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯವರು ಬೀದಿಯ ನಾಯಿಗಳ ನಡತೆಯನ್ನು ಬಹಳ ವರುಷಗಳಿಂದ ನೋಡುತ್ತಾ ಬಂದವರು. ಅವರು 2017ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ, ಗುರುತಿಲ್ಲದ ಮನುಷ್ಯನು ಕೆಲವು ಬೀದಿನಾಯಿಗಳಿಗೆ ತಿನ್ನಲು ಕೊಡುತ್ತಲೂ ಬೇರೆ ಕೆಲವಕ್ಕೆ ತಲೆ ಸವರುತ್ತಲೂ ಹಲವು ಸಾರಿ ಬಂದಾಗ ಏನಾಯಿತೆಂದು ಹೇಳಿದ್ದಾರೆ. ದಿನಗಳು ಕಳೆದ ಹಾಗೆ, ತಲೆ ಸವರಿಸಿಕೊಂಡ ನಾಯಿಗಳೇ ಆ ಮನುಷ್ಯನ ಬಳಿಗೆ ಬೇಗ ಬಂದವು. ಬೀದಿಯಲ್ಲಿ ತಿಪ್ಪೆ ಕೆದರಿ ಬದುಕುವ ಪ್ರಾಣಿಗೆ ಅನ್ನಕ್ಕಿಂತ ದಯೆಯ ಕೈ ಹೆಚ್ಚು ಆಸೆಯ ವಸ್ತುವಾಯಿತೆಂಬದು ಸಣ್ಣ ಮಾತಲ್ಲ. ಆದರೆ ಇದನ್ನು ಓದಿ ಯಾರೂ ಬೆದರಿದ ನಾಯಿಯ ತಲೆ ಸವರಲು ಹೋಗಬಾರದು. ಆ ನಾಯಿಗಳ ಕೊರಳಲ್ಲಿ ತಂತಿ ಇದ್ದಿರಲಿಲ್ಲ.

ನಾಯಿಯ ಸ್ನೇಹವೆಲ್ಲಾ ಹೊಟ್ಟೆಪಾಡು ಎಂಬವರು ನಮ್ಮ ಕನ್ನಡನಾಡಿನ ಒಂದು ಕಲ್ಲನ್ನೂ ನೋಡಬೇಕು. ಮಂಡ್ಯದ ಸೀಮೆಯ ಆತಕೂರಿನಲ್ಲಿ ಸಿಕ್ಕಿದ, ಹತ್ತನೆಯ ಶತಮಾನದ ನಡುವಣ ಆ ಶಾಸನವು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿಸಿದ ಮಣಲೇರನೆಂಬ ವೀರನು, ಬೇಕಾದ್ದನ್ನು ಕೇಳು ಎಂದು ಅರಸನು ಹೇಳಿದಾಗ, ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದನು. ಆ ನಾಯಿಯು ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಹಂದಿಯೂ ನಾಯಿಯೂ ಕಚ್ಚಾಡುವ ಚಿತ್ರವನ್ನು ಕಲ್ಲಿನ ಮೇಲೆ ಕೆತ್ತಿದ್ದಾರೆ. ಕಲ್ಲಿಗೆ ಪೂಜೆಯನ್ನು ಗೊತ್ತುಮಾಡಿದ್ದನ್ನು ನಾವು ಒಪ್ಪುವದಿಲ್ಲ. ಆ ನಾಯಿ ತುತ್ತಿಗಾಗಿ ಪ್ರಾಣ ಬಿಡಲಿಲ್ಲವೆಂಬದನ್ನು ಒಪ್ಪುವೆವು.

ಈಗ ಯೋಹಾನನ ಸುವಾರ್ತೆಯ ಆರನೆಯ ಅಧ್ಯಾಯಕ್ಕೆ ಬರುವೆನು. ಐದು ಸಾವಿರ ಜನರು ರೊಟ್ಟಿ ತಿಂದ ಮಾರನೆಯ ದಿನ ಅವರು ಸಮುದ್ರವನ್ನು ದಾಟಿ ಆತನನ್ನು ಹುಡುಕಿಕೊಂಡು ಬಂದರು. ಅವರು ರೊಟ್ಟಿಯ ದೆಸೆಯಿಂದ ಬಂದರೆಂದು ಆತನಿಗೆ ತಿಳಿದಿತ್ತು. ಅದನ್ನು ಅವರ ಮುಖಕ್ಕೇ ಹೇಳಿದನು. ಈ ಭಾಗವನ್ನು ನಮ್ಮನ್ನು ಹಂಗಿಸುವದಕ್ಕಾಗಿ ಕೆಲವರು ಎತ್ತುತ್ತಾರೆ. ಆದರೆ ಎರಡು ಸಂಗತಿಗಳನ್ನು ಅವರು ಬಿಟ್ಟುಬಿಡುತ್ತಾರೆ. ಹಿಂದಣ ದಿನ ರೊಟ್ಟಿ ಕೊಟ್ಟವನು ಆತನೇ. ಕೊಡುವಾಗ ಅವರಲ್ಲಿ ಯಾರು ನಂಬುವರು, ಯಾರು ಹೋಗಿಬಿಡುವರು ಎಂದು ಸಾಲು ಬೇರೆ ಮಾಡಲಿಲ್ಲ. ಇದು ಒಂದು. ಮತ್ತೊಂದು, ಅಧ್ಯಾಯದ ಕಡೆಯಲ್ಲಿ ಇದೆ: ಆತನ ಮಾತು ಕಠಿಣವೆಂದು ಬಹುಮಂದಿ ಹಿಂದಿರುಗಿ ಹೋದಾಗ ಆತನು ಅವರನ್ನು ಹಿಡಿಯಲಿಲ್ಲ. ನಿನ್ನೆ ತಿಂದ ರೊಟ್ಟಿಯ ಲೆಕ್ಕವನ್ನು ಕೇಳಲಿಲ್ಲ. ಹನ್ನೆರಡು ಮಂದಿಯ ಕಡೆಗೆ ತಿರುಗಿ, ನೀವೂ ಹೋಗಬೇಕೆಂದಿದ್ದೀರೋ ಎಂದು ಕೇಳಿದನು. ತಡಿಕೆಯ ಬಾಗಿಲು ತೆರೆದಿತ್ತು. ಪೇತ್ರನು ಕೊಟ್ಟ ಉತ್ತರವು ಆ ತೆರೆದ ಬಾಗಿಲಿನ ಮುಂದೆ ಕೊಟ್ಟದ್ದಾದ್ದರಿಂದಲೇ ಅದಕ್ಕೆ ನಂಬಿಕೆಯ ಬೆಲೆ ಬಂದಿತು.

ನಮ್ಮ ನೆರೆಯ ತೆಲುಗು ಸೀಮೆಯಲ್ಲಿ ಇದನ್ನು ಅರಿತು ನಡೆದ ಒಬ್ಬ ಮಿಶನರಿಯ ಸಂಗತಿ ಉಂಟು. ಓಂಗೋಲಿನಲ್ಲಿ ಅಮೆರಿಕದ ಬ್ಯಾಪ್ಟಿಸ್ಟ್ ಮಿಶನಿನ ಜಾನ್ ಕ್ಲೌ ಎಂಬವನು ಆ ಮಹಾಬರದಲ್ಲಿ ಜನರಿಗೆ ಕೂಲಿ ಸಿಕ್ಕಲೆಂದು ಬಕಿಂಗ್‌ಹ್ಯಾಮ್ ಕಾಲುವೆಯ ಮೂರೂವರೆ ಮೈಲಿನ ಕೆಲಸವನ್ನು ಗುತ್ತಿಗೆ ಹಿಡಿದನು. ಸಾವಿರಾರು ಮಂದಿ ಅಲ್ಲಿ ಅಗೆದರು, ಉಂಡರು, ಉಪದೇಶವನ್ನೂ ಕೇಳಿದರು. ದೀಕ್ಷಾಸ್ನಾನ ಬೇಕೆಂದು ಬಹುಮಂದಿ ಕೇಳಿಕೊಂಡರೂ, ಬರದ ಅನ್ನವು ತನ್ನ ಕೈಯಿಂದ ಹೋಗುತ್ತಿರುವ ತನಕ ಅವನು ಒಂದು ವರುಷಕ್ಕೂ ಮಿಕ್ಕಿ ಯಾರಿಗೂ ಅದನ್ನು ಕೊಡಲಿಲ್ಲ. ಬರದ ಸಹಾಯ ನಿಂತುಹೋದ ಮೇಲೆ ಜನರು ಚದರಿ ಹೋಗುವರೆಂದು ನೋಡಿದರೆ ಅವರು ಗುಂಪುಗುಂಪಾಗಿ ಬಂದರು. 1878ನೆಯ ಇಸವಿಯ ಜುಲೈ 3ರಂದು ಒಂದೇ ದಿನ ಗುಂಡ್ಲಕಮ್ಮ ನದಿಯಲ್ಲಿ 2,222 ಮಂದಿಗೆ ದೀಕ್ಷಾಸ್ನಾನವಾಯಿತು. ಅವರಲ್ಲಿ ಬಹುಮಂದಿ ಊರ ಹೊರಗಣ ಕೇರಿಯವರು. ಕೊಡುವ ಕೈ ಖಾಲಿಯಾದ ಮೇಲೆ ಬಂದವರು ಅವರು. ಅವರೊಳಗೂ ಮುಂದಿನ ಬರಕ್ಕೆ ಆಸರೆಯಾದೀತೆಂದು ಬಂದವರು ಇದ್ದಿರಬಹುದು. ಮನುಷ್ಯರ ಹೃದಯವನ್ನು ತೂಗುವ ತಕ್ಕಡಿ ನಮ್ಮ ಅಂಗಡಿಯಲ್ಲಿಲ್ಲ.

ಎಲ್ಲಾ ಮಿಶನರಿಗಳೂ ಹೀಗೆಯೇ ನಡೆದರೆಂದು ನಾನು ಹೇಳಲಾರೆನು. ಗಂಜಿಯ ಜೊತೆಗೆ ಹೆಸರನ್ನು ಬರಕೊಂಡವರೂ ಇದ್ದರು, ಗಂಜಿ ಮುಗಿದ ಮೇಲೆ ಹೆಸರನ್ನು ಬಿಟ್ಟವರೂ ಇದ್ದರು. ಆದರೆ ಸತ್ತ ದೊರೆಗಳ ಲೆಕ್ಕವನ್ನು ನೋಡುವದಕ್ಕಿಂತ ನಮ್ಮ ಲೆಕ್ಕವನ್ನು ನೋಡುವದು ಒಳ್ಳೇದು, ಯಾಕಂದರೆ ಈಗ ಗಂಜಿಯ ಹಂಡೆ ನಮ್ಮ ಕೈಯಲ್ಲಿದೆ. 2020ರಲ್ಲಿ ಮಹಾಮಾರಿಯ ನಿಮಿತ್ತ ದೇಶವೆಲ್ಲಾ ಬಾಗಿಲು ಮುಚ್ಚಿದಾಗ, ದುಡಿಯಲು ಹೋದ ಊರುಗಳಿಂದ ನಮ್ಮ ಜನರು ನಡೆದು ಬಂದಾಗ, ಒಂದು ಸಭೆಯವರು ಅಕ್ಕಿ, ಬೇಳೆ, ಎಣ್ಣೆ ಇವುಗಳ ಚೀಲಗಳನ್ನು ಹಂಚಿದರು. ಚೀಲಗಳು ಕಡಿಮೆ, ಮನೆಗಳು ಹೆಚ್ಚು. ಪಟ್ಟಿ ಬರೆಯುವವನು ಭಾನುವಾರದ ಆರಾಧನೆಗೆ ಬರುವವರ ಹೆಸರುಗಳನ್ನು ಮೇಲೆ ಬರೆದನು. ಬಾರದವರನ್ನು ಕೆಳಗೆ ಬರೆದನು. ಒಂದು ಮನೆಯವರು ಹಬ್ಬದಲ್ಲಿ ಮತ್ತೆ ಜಾತ್ರೆಗೆ ಹೋದರೆಂದು ಅವರ ಹೆಸರನ್ನು ಹೊಡೆದುಹಾಕಿದನು. ಆ ಪಟ್ಟಿಯನ್ನು ಬರೆದವನು ನಾನೇ. ಆ ಮನೆಯ ಹೆಣ್ಣುಮಗಳು ನನ್ನನ್ನು ಬೀದಿಯಲ್ಲಿ ಕಂಡರೆ ಇಂದಿಗೂ ಸೆರಗು ಎಳೆದುಕೊಂಡು ಇನ್ನೊಂದು ದಾರಿಗೆ ತಿರುಗುತ್ತಾಳೆ. ನಾನು ಆಮೇಲೆ ಹೋಗಿ ಕ್ಷಮೆ ಕೇಳಿದೆನು. ಆಕೆ, ಆಗಲಿ ಅಯ್ಯನವರೇ ಎಂದಳು. ಅದು ಕ್ಷಮೆಯೋ ಮರ್ಯಾದೆಯೋ ನನಗೆ ತಿಳಿಯಲಿಲ್ಲ.

ಪೊದೆಯಲ್ಲಿ ಸಿಕ್ಕಿದ ಮುಂಗುಸಿಯನ್ನೋ ಕಾಡುಬೆಕ್ಕಿನ ಮರಿಯನ್ನೋ ಇದೇ ರೀತಿ ಸಾಕಬಹುದೋ ಎಂದು ಹುಡುಗರು ಕೇಳಿದ್ದುಂಟು. ಬೇಡ. 1972ರ ವನ್ಯಜೀವಿ ಸಂರಕ್ಷಣೆಯ ಕಾನೂನು ಅದನ್ನು ತಡೆಯುತ್ತದೆ. ಗಾಯಗೊಂಡದ್ದು ಸಿಕ್ಕಿದರೆ ಅರಣ್ಯ ಇಲಾಖೆಯವರಿಗೆ ತಿಳಿಸಬೇಕು. ಕಾನೂನು ಇಲ್ಲದಿದ್ದರೂ ಬೇಡವೆನ್ನುವೆನು, ಯಾಕಂದರೆ ಅದಕ್ಕೆ ಮನುಷ್ಯನ ಭಯವೇ ಕವಚ. ಅದನ್ನು ನಾವು ಕಳಚಿದರೆ ಮುಂದಿನ ಕಲ್ಲಿಗೆ ಅದನ್ನು ಒಪ್ಪಿಸಿದ ಹಾಗೆ. ನಾಯಿಯ ಮಾತು ಬೇರೆ. 15,000 ವರುಷಗಳಿಗೂ ಹಿಂದೆ ಅದರ ಪೂರ್ವಜರು ಮನುಷ್ಯನ ಬೆಂಕಿಯ ಬಳಿಗೆ ಬಂದರು. ಆ ಮೇಲೆ ಅದಕ್ಕೆ ಮರಳಿ ಹೋಗುವ ಕಾಡಿಲ್ಲ.

ಕೆಂಚಿಯ ಕಡೆಗೆ ತಿರುಗುವೆನು. ಮೂರು ವಾರಗಳ ಮೇಲೆ ನಾನು ರೊಟ್ಟಿ ಕೊಡುವದನ್ನೇ ಬಿಟ್ಟೆನು. ಅದನ್ನು ಹೆಂಡತಿಗೆ ಒಪ್ಪಿಸಿ, ಸಾಯಂಕಾಲ ಬರಿಗೈಯಲ್ಲಿ ಹೋಗಿ ಹಿತ್ತಲಿನ ಕಲ್ಲಿನ ಮೇಲೆ ಕೂತು, ಭಾನುವಾರದ ಪಾಠವನ್ನು ಮೆಲ್ಲಗೆ ಗಟ್ಟಿಯಾಗಿ ಓದುತ್ತಿದ್ದೆನು. ಅದರ ಕಡೆಗೆ ನೋಡುತ್ತಿರಲಿಲ್ಲ. ಅರ್ಧ ತಾಸು ಓದುವದು, ಎದ್ದು ಬರುವದು. ಬಹಳ ದಿನ ಏನೂ ಆಗಲಿಲ್ಲ. ನೆರೆಯವನು ನಾಯಿಗೆ ಸುವಾರ್ತೆ ಸಾರುತ್ತೀಯಾ ಎಂದು ನಗುವದಾಯಿತು. ಚಳಿಗಾಲ ಕಳೆದು ಮೊದಲ ಗುಡುಗಿನ ಸಾಯಂಕಾಲ, ಗಾಳಿಗೆ ಬಣವೆಯ ಹುಲ್ಲು ಹಾರುತ್ತಿರುವಾಗ, ಪುಸ್ತಕವನ್ನು ಮುಚ್ಚಿ ಏಳಬೇಕೆಂದಿದ್ದ ನನ್ನ ಪಾದದ ಮೇಲೆ ಏನೋ ಬೆಚ್ಚಗೆ ಬಿತ್ತು. ಕೆಂಚಿ ತನ್ನ ಗದ್ದವನ್ನು ಇಟ್ಟಿತ್ತು. ಅದರ ಕೊರಳು, ಗಾಯದ ಬರೆ ಇರುವ ಆ ಕೊರಳು, ನನ್ನ ಕೈಗೆ ಒಂದು ಗೇಣು ದೂರದಲ್ಲಿತ್ತು. ನನ್ನ ಕೈಯಲ್ಲಿ ರೊಟ್ಟಿ ಇರಲಿಲ್ಲ. ನಾನು ಮುಟ್ಟಲಿಲ್ಲ.

ಇದು ಬರೀ ರೂಢಿ, ಪ್ರಾಣಿಗೆ ನಂಬಿಕೆ ಎಲ್ಲಿಂದ ಬರುವದು ಎಂದು ಒಬ್ಬ ವಿದ್ಯಾವಂತರು ನನಗೆ ಹೇಳಿದರು. ಇದ್ದೀತು. ಆದರೆ ರೂಢಿಯೆಂದರೆ ನಿನ್ನೆ ಸಿಕ್ಕಿದ್ದು ಇಂದೂ ಸಿಕ್ಕುವದೆಂದು ಅದೇ ಜಾಗಕ್ಕೆ ಬರುವದು. ಕೆಡುಕು ಮಾಡಬಲ್ಲವನ ಕೈಯ ಹತ್ತಿರ, ಹಿಂದೆ ನೋವಾದ ಜಾಗವನ್ನೇ ಇಟ್ಟು ಕಣ್ಣು ಮುಚ್ಚುವದಕ್ಕೆ ರೂಢಿಯೆಂಬ ಹೆಸರು ಸಾಲದು. ನಮ್ಮ ಭಾಷೆಯಲ್ಲಿ ದೇವರನ್ನು ನಂಬುವದಕ್ಕೂ ನೆರೆಯವನನ್ನು ನಂಬುವದಕ್ಕೂ ಒಂದೇ ಮಾತು ಇರುವದು ನನಗೆ ಆ ಸಾಯಂಕಾಲ ಒಳ್ಳೇದಾಗಿ ಕಂಡಿತು.

ಬೇಸಿಗೆಯಲ್ಲಿ ಹುಚ್ಚುರೋಗ ತಡೆಯುವ ಸೂಜಿಯನ್ನು ಹಾಕಿಸಬೇಕಾಯಿತು. ವೈದ್ಯರು ಬಂದು, ಗಟ್ಟಿಯಾಗಿ ಹಿಡಿಯಿರಿ ಎಂದರು. ಹಿಡಿದೆನು. ಅದು ನಡುಗಿತು, ಕಚ್ಚಲಿಲ್ಲ. ಬಿಟ್ಟೊಡನೆ ಓಡಿ ಬಣವೆಯ ಅಡಿಗೆ ಸೇರಿತು. ಮತ್ತೆ ಮೂರು ವಾರವಾಯಿತೆಂದು ನಾನು ಲೆಕ್ಕ ಹಾಕಿದೆನು. ಆದರೆ ಎರಡನೆಯ ಸಾಯಂಕಾಲ ಕಲ್ಲಿನ ಬಳಿಗೆ ಬಂದು ಕೂತಿತು. ಕೈ ಎಂದಿಗೂ ಹಿಡಿಯದು ಎಂಬದು ಅದರ ನಂಬಿಕೆಯಾಗಿದ್ದಿಲ್ಲವೆಂದು ತೋರುತ್ತದೆ. ಹಿಡಿದ ಕೈ ಬಿಡುವದು ಎಂಬಷ್ಟನ್ನು ಅದು ಕಲಿತಿತ್ತು.

ಯೌವನಸ್ಥನಿಗೆ ಇದನ್ನೆಲ್ಲಾ ಹೇಳಿದ್ದೇನೆ. ಅವನು ತನ್ನ ಮುತ್ತಜ್ಜನ ಕಥೆಯನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡುತ್ತಿದ್ದಾನೆ. ಮುತ್ತಜ್ಜನು ಗಂಜಿಗೆಂದೇ ಬಂದನಂತೆ. ಗಂಜಿ ನಿಂತ ಮೇಲೆ ನಲವತ್ತು ವರುಷ ಬದುಕಿದನಂತೆ, ಅದರಲ್ಲಿ ಒಂದು ಭಾನುವಾರವೂ ತಪ್ಪಲಿಲ್ಲವಂತೆ. ಬಾಗಿಲು ಅವನಿಗೂ ತೆರೆದೇ ಇತ್ತು.

ಹಿತ್ತಲಿನ ತಡಿಕೆಯನ್ನು ನಾವು ಇನ್ನೂ ಮುಚ್ಚುವದಿಲ್ಲ. ಕೆಂಚಿ ರಾತ್ರಿ ಕಾಲುವೆಯ ಕಡೆಗೆ ಹೋಗುತ್ತದೆ, ಬೆಳಗಾಗುವದರೊಳಗೆ ಬರುತ್ತದೆ. ಈಗಲೂ ಹಗ್ಗದ ಮೇಲಿನ ಅಂಗಿಯನ್ನು ತೆಗೆಯಲು ನಾನು ಕೈಯೆತ್ತಿದರೆ ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತದೆ. ಆಮೇಲೆ ತಲೆಯೆತ್ತಿ, ಅದು ಯಾರ ಕೈ ಎಂದು ನೋಡುತ್ತದೆ.